ಗುಣವಾದ ಮೇಲಿನ ಬಾಳು

ಮನೆಯ ಹಿರಿಯರಿಗೆ ಬರುವ ಕಾಯಿಲೆಗಳಲ್ಲಿ ಕೆಲವನ್ನು ನಾವು ನಾಲ್ಕು ಜನರೆದುರಿಗೆ ಸಂಕೋಚವಿಲ್ಲದೆ ಆಡಿಕೊಳ್ಳುತ್ತೇವೆ. ಸಕ್ಕರೆ ರೋಗ, ರಕ್ತದೊತ್ತಡ, ಮೊಣಕಾಲು ನೋವು ಎಂದರೆ ಸಾಕು, ಕಟ್ಟಡದ ಕೆಳಗಿನ ಕಟ್ಟೆಯ ಮೇಲೆ ಕುಳಿತವರೆಲ್ಲ ತಮಗೆ ತಿಳಿದ ಒಂದೊಂದು ಮದ್ದು ಹೇಳುತ್ತಾರೆ. ಆದರೆ ಇನ್ನು ಕೆಲವು ಕಾಯಿಲೆಗಳುಂಟು. ಅವುಗಳ ಮಾತು ಬಂದೊಡನೆ ಧ್ವನಿ ತಗ್ಗುತ್ತದೆ, ಮಕ್ಕಳನ್ನು ಒಳಗೆ ಕಳಿಸುತ್ತಾರೆ, ಸೊಸೆ ಅಡುಗೆಮನೆಗೆ ಸರಿಯುತ್ತಾಳೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಅರ್ಬುದ, ಅಂದರೆ ಕ್ಯಾನ್ಸರ್, ಅಂಥದೊಂದು ಕಾಯಿಲೆ. ಕುಟುಂಬಗಳಲ್ಲಿ ಎಲ್ಲರೂ ಓದುವ ಈ ಪತ್ರಿಕೆಯಲ್ಲಿ ಅದರ ವಿಚಾರ ಏಕೆ ಎಂದು ಯಾರಾದರೂ ಕೇಳಿದರೆ, ಕುಟುಂಬದವರೆಲ್ಲ ತಿಳಿದಿರಬೇಕಾದ ವಿಷಯವಾದುದರಿಂದಲೇ ಎಂದು ಉತ್ತರ ಹೇಳಬೇಕಾಗುತ್ತದೆ.

ಈ ಲೇಖಕನು ವೈದ್ಯನಲ್ಲ. ಬಿ.ಎ. ಮುಗಿಸಿ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವವನು. ಔಷಧೋಪಚಾರದ ವೆಚ್ಚ ಕೋರಿ ಬರುವ ಅರ್ಜಿಗಳು ಮೇಜಿನ ಮೇಲೆ ಹಾದುಹೋಗುತ್ತವೆ. ಅವುಗಳಲ್ಲಿ ಶಸ್ತ್ರಕ್ರಿಯೆಯ ಖರ್ಚಿಗೊಂದು ಅಂಕಣ, ಕೊಠಡಿಯ ಬಾಡಿಗೆಗೊಂದು ಅಂಕಣ, ಔಷಧಿಗೊಂದು ಅಂಕಣ ಇರುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆ ಮನುಷ್ಯ ಹೇಗಿದ್ದಾನೆ, ರಾತ್ರಿ ನಿದ್ದೆ ಬರುತ್ತದೆಯೆ, ನಾಲ್ಕು ಹೆಜ್ಜೆ ನಡೆದು ಸಂತೆಗೆ ಹೋಗಬಲ್ಲನೆ, ಇದಕ್ಕೆ ಅಂಕಣವಿಲ್ಲ. ಈ ಲೇಖನ ಆ ಇಲ್ಲದ ಅಂಕಣದ ಕುರಿತಾದದ್ದು.

ಗ್ರಂಥಿಯ ಪರಿಚಯ

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮಾತ್ರ ಇರುವ, ಅಕ್ರೋಟಿನಷ್ಟು ಗಾತ್ರದ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ವಯಸ್ಸಾದಂತೆ ಇದು ಹಿಗ್ಗುವುದು ಸಾಮಾನ್ಯ. ರಾತ್ರಿ ನಾಲ್ಕು ಸಲ ಏಳುವುದು, ಧಾರೆ ಸಣ್ಣಗಾಗುವುದು, ಒಂದಕ್ಕೆ ಹೋಗಿ ಬಂದರೂ ಪೂರ್ತಿ ಹೋದಂತೆ ಅನಿಸದಿರುವುದು, ಇವು ಬಹುಮಟ್ಟಿಗೆ ಆ ಹಿಗ್ಗುವಿಕೆಯ ಲಕ್ಷಣಗಳು. ಹಿಗ್ಗಿದ್ದೆಲ್ಲ ಅರ್ಬುದವಲ್ಲ. ಅರ್ಬುದವಾದರೂ ಅನೇಕ ವೇಳೆ ಬಹಳ ನಿಧಾನವಾಗಿ ಬೆಳೆಯುತ್ತದೆ. ಕೆಲವರಲ್ಲಿ ಮಾತ್ರ ಬೇಗ ಬೆಳೆದು ಎಲುಬಿಗೆ ಹಬ್ಬುತ್ತದೆ.

2022ನೆಯ ಇಸವಿಯ ಜಾಗತಿಕ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 14 ಲಕ್ಷ 70 ಸಾವಿರ ಗಂಡಸರಲ್ಲಿ ಈ ರೋಗ ಹೊಸದಾಗಿ ಕಂಡುಬಂತು. ಭಾರತದ ಪಾಲು ಸುಮಾರು 38 ಸಾವಿರ. ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಇದು ಸಣ್ಣ ಸಂಖ್ಯೆಯೇ. ಆದರೆ ಈ ರೋಗ ಮುಪ್ಪಿನ ಜೊತೆಗಾರ; ಆಯುಸ್ಸು ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಮಂಡಲಿಯು 2024ರಲ್ಲಿ ಹೇಳಿದ ಪ್ರಕಾರ, 2020ರಲ್ಲಿ ವರ್ಷಕ್ಕೆ 14 ಲಕ್ಷವಿದ್ದ ಹೊಸ ರೋಗಿಗಳ ಸಂಖ್ಯೆ 2040ರ ಹೊತ್ತಿಗೆ 29 ಲಕ್ಷವಾಗಲಿದೆ. ಬಡ ಮತ್ತು ಮಧ್ಯಮ ವರ್ಗದ ದೇಶಗಳಲ್ಲಿ ಈ ಏರಿಕೆ ಹೆಚ್ಚು ತೀವ್ರವಾಗಿರುತ್ತದೆ.

ಬದುಕುವುದೊಂದು, ಬಾಳುವುದೊಂದು

ಈ ರೋಗಕ್ಕೆ ಮುಖ್ಯವಾಗಿ ಮೂರು ಬಗೆಯ ಚಿಕಿತ್ಸೆಗಳುಂಟು: ಗ್ರಂಥಿಯನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದು, ವಿಕಿರಣದಿಂದ ಸುಡುವುದು, ಗಂಡಸಿನ ಹಾರ್ಮೋನನ್ನು ತಡೆಯುವುದು. ಮೂರನೆಯದರ ದಾರಿ ತೋರಿದವರು ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗ್ಗಿನ್ಸ್. 1941ರಲ್ಲಿ ಮಾಡಿದ ಆ ಸಂಶೋಧನೆಗಾಗಿ ಅವರಿಗೆ 1966ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಶಸ್ತ್ರಕ್ರಿಯೆಯಲ್ಲಿ ಗ್ರಂಥಿಯ ಪಕ್ಕದಲ್ಲಿ ಹಾದುಹೋಗುವ ಸೂಕ್ಷ್ಮ ನರಗಳನ್ನು ಉಳಿಸುವ ವಿಧಾನವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪ್ಯಾಟ್ರಿಕ್ ವಾಲ್ಷ್ 1982ರಲ್ಲಿ ಆರಂಭಿಸಿದರು. ಅದಕ್ಕೂ ಮೊದಲು ಈ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ದಾಂಪತ್ಯ ಶಕ್ತಿ ಉಳಿಯುತ್ತಿದ್ದುದು ಅಪರೂಪ.

ರೋಗ ಗ್ರಂಥಿಯೊಳಗೇ ಇರುವಾಗ ಪತ್ತೆಯಾದರೆ ಯಾವ ಚಿಕಿತ್ಸೆ ಮೇಲು? ಇದನ್ನು ತಿಳಿಯಲು ಬ್ರಿಟನ್ನಿನಲ್ಲಿ 1999ರಿಂದ 2009ರವರೆಗೆ ರೋಗ ಪತ್ತೆಯಾದವರಲ್ಲಿ 1,643 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಸ್ತ್ರಕ್ರಿಯೆ, ಒಂದಕ್ಕೆ ವಿಕಿರಣ, ಮತ್ತೊಂದಕ್ಕೆ ತಕ್ಷಣ ಏನನ್ನೂ ಮಾಡದೆ ಪರೀಕ್ಷಿಸುತ್ತ ಕಾಯುವ ಕ್ರಮ. ಹದಿನೈದು ವರ್ಷಗಳ ಫಲಿತಾಂಶ 2023ರಲ್ಲಿ ಹೊರಬಂತು. ಮೂರು ಗುಂಪುಗಳಲ್ಲಿಯೂ ಈ ರೋಗದಿಂದ ತೀರಿಕೊಂಡವರು ನೂರಕ್ಕೆ ಮೂವರ ಆಸುಪಾಸು ಮಾತ್ರ.

ಜೀವ ಉಳಿಯುವುದರಲ್ಲಿ ವ್ಯತ್ಯಾಸವಿಲ್ಲವೆಂದ ಮೇಲೆ ಆಯ್ಕೆ ನಿಲ್ಲುವುದು ಮುಂದಿನ ಬಾಳಿನ ಮೇಲೆ. ಅಲ್ಲಿ ವ್ಯತ್ಯಾಸ ಬಹಳ. ಶಸ್ತ್ರಕ್ರಿಯೆಯ ಗುಂಪಿನಲ್ಲಿ ಆರು ತಿಂಗಳ ನಂತರ ನೂರಕ್ಕೆ 46 ಜನ ಮೂತ್ರ ಸೋರುವುದರಿಂದ ಹೀರುಬಟ್ಟೆ ಇಟ್ಟುಕೊಳ್ಳುತ್ತಿದ್ದರು. ಆರು ವರ್ಷಗಳ ನಂತರವೂ 17 ಜನ. ದಾಂಪತ್ಯ ಶಕ್ತಿಯ ನಷ್ಟವೂ ಇವರಲ್ಲೇ ಹೆಚ್ಚು. ವಿಕಿರಣದ ಗುಂಪಿನಲ್ಲಿ ಸೋರುವಿಕೆ ಕಡಿಮೆ, ಆದರೆ ಮಲವಿಸರ್ಜನೆಯ ತೊಂದರೆ ಕಾಣಿಸಿತು. ಹಾರ್ಮೋನು ತಡೆಯುವ ಚಿಕಿತ್ಸೆಯ ಫಲಗಳು ಬೇರೆಯೇ: ಮೈಯೆಲ್ಲ ಬಿಸಿ ಝಳ, ಬೆವರು, ಆಯಾಸ, ಸ್ನಾಯು ಕರಗಿ ಬೊಜ್ಜು ಬೆಳೆಯುವುದು, ಎಲುಬು ಸವೆಯುವುದು, ಮನಸ್ಸಿಗೆ ಮಂಕು. ಮುಟ್ಟು ನಿಲ್ಲುವ ಕಾಲದ ಝಳವನ್ನು ಬಲ್ಲ ಗೃಹಿಣಿಯರಿಗೆ ಇದು ಕೂಡಲೇ ಅರ್ಥವಾದೀತು. ಆದರೆ ಗಂಡನಿಗೆ ಹಾಗಾಗುತ್ತಿದೆಯೆಂದು ಅವರಿಗೆ ಹೇಳುವವರು ಯಾರು?

ಜನಾಂಗ ಜನಾಂಗಗಳ ನಡುವೆ

ಈ ರೋಗ ಎಲ್ಲ ಜನಾಂಗಗಳಿಗೂ ಒಂದೇ ಸಮನಾಗಿ ಬರುವುದಿಲ್ಲ. ಇಂಗ್ಲೆಂಡಿನ ಲೆಕ್ಕದ ಪ್ರಕಾರ ಜೀವಮಾನದಲ್ಲಿ ಈ ರೋಗ ಪತ್ತೆಯಾಗುವ ಸಂಭವ ಬಿಳಿಯರಲ್ಲಿ ಎಂಟು ಜನರಲ್ಲಿ ಒಬ್ಬರಿಗೆ, ಆಫ್ರಿಕಾ ಮೂಲದವರಲ್ಲಿ ನಾಲ್ವರಲ್ಲಿ ಒಬ್ಬರಿಗೆ, ಭಾರತೀಯರೇ ಮುಂತಾದ ಏಷ್ಯಾ ಮೂಲದವರಲ್ಲಿ ಹದಿಮೂರು ಜನರಲ್ಲಿ ಒಬ್ಬರಿಗೆ. ಅಮೆರಿಕದಲ್ಲಿ ಈ ರೋಗದಿಂದ ಸಾಯುವವರ ಪ್ರಮಾಣ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಎರಡು ಪಟ್ಟು.

ಇದೆಲ್ಲ ರಕ್ತಗುಣವೇ? ರೋಗ ಬರುವುದರಲ್ಲಿ ವಂಶದ ಪಾತ್ರ ಉಂಟೆಂಬುದು ನಿಜ. ಆದರೆ ಬಂದ ಮೇಲಿನ ಕಥೆ ಬೇರೆ. ಅಮೆರಿಕದಲ್ಲಿ ನಿವೃತ್ತ ಸೈನಿಕರಿಗಾಗಿ ಸರಕಾರವೇ ನಡೆಸುವ ಆಸ್ಪತ್ರೆಗಳುಂಟು. ಅಲ್ಲಿ ಬಿಳಿಯನಿಗೂ ಕರಿಯನಿಗೂ ಒಂದೇ ವೈದ್ಯ, ಒಂದೇ ಔಷಧ. ಅಲ್ಲಿ ಚಿಕಿತ್ಸೆ ಪಡೆದ ಸುಮಾರು 60 ಸಾವಿರ ಜನರ ದಾಖಲೆಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಪ್ಪು ಜನರಲ್ಲಿ ರೋಗ ಬಲಿತ ಮೇಲೆ ಪತ್ತೆಯಾಗುವುದಾಗಲಿ, ಅದರಿಂದ ಸಾಯುವುದಾಗಲಿ ಹೆಚ್ಚಾಗಿರಲಿಲ್ಲ. ಒಂದು ವರ್ಷದ ಮೊದಲು, 2019ರಲ್ಲಿ, ಮೂರು ಲಕ್ಷಕ್ಕೂ ಮಿಕ್ಕ ಜನರನ್ನು ಕುರಿತ ಅಧ್ಯಯನವೂ ಇದೇ ದಿಕ್ಕಿಗೆ ಬೆರಳು ಮಾಡಿತ್ತು. ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಾಗ ಅಂತರ ಬಹಳಷ್ಟು ಕರಗಿಹೋಗುತ್ತದೆಂದಾಯಿತು.

ಬದುಕಿ ಉಳಿದವರ ಬಾಳಿನ ಗುಣವನ್ನು ಅಳೆಯುವುದು ಇನ್ನೂ ಸೂಕ್ಷ್ಮವಾದ ಕೆಲಸ. ಅದಕ್ಕೆ ಯಂತ್ರವಿಲ್ಲ, ರೋಗಿಯನ್ನೇ ಕೇಳಬೇಕು. ಇದಕ್ಕಾಗಿ ವಿದ್ವಾಂಸರು ಸಿದ್ಧಪಡಿಸಿದ ಪ್ರಶ್ನಾವಳಿಗಳಲ್ಲಿ ಒಂದು ಜಾಣತನವುಂಟು. ಅವು ಎರಡು ಬಗೆಯಾಗಿ ಕೇಳುತ್ತವೆ: ಮೂತ್ರ ಎಷ್ಟು ಸಲ ಸೋರುತ್ತದೆ ಎಂಬುದು ಒಂದು; ಅದರಿಂದ ನಿಮಗೆ ಎಷ್ಟು ಕಿರಿಕಿರಿಯಾಗುತ್ತದೆ ಎಂಬುದು ಇನ್ನೊಂದು. ಈ ಎರಡಕ್ಕೂ ಉತ್ತರ ಒಂದೇ ಆಗಿರಬೇಕಾಗಿಲ್ಲ. ದಿನಕ್ಕೆ ಎರಡು ಸಲ ಸೋರುವವನೊಬ್ಬ, ಸ್ವಂತ ಮನೆ, ಪಕ್ಕದಲ್ಲೇ ಬಚ್ಚಲು, ಅರಿತ ಹೆಂಡತಿ ಇದ್ದರೆ ಅದನ್ನು ದೊಡ್ಡದೆಂದು ಎಣಿಸುವುದಿಲ್ಲ. ಅಷ್ಟೇ ಸೋರುವ ಇನ್ನೊಬ್ಬ, ಒಂದೇ ಕೋಣೆಯಲ್ಲಿ ಆರು ಜನರ ನಡುವೆ ಮಲಗುವವನಾದರೆ, ದಿನವೂ ಬೆಳಗಿನ ಬಂಡಿ ಹಿಡಿದು ಕೆಲಸಕ್ಕೆ ಹೋಗಬೇಕಾದವನಾದರೆ, ಜೀವವೇ ಬೇಡವೆನ್ನುತ್ತಾನೆ.

ಹೀಗಿರಲು ಒಂದು ಜನದ ಉತ್ತರವನ್ನು ಇನ್ನೊಂದು ಜನಕ್ಕೆ ಹೊಂದಿಸಿ ಹೇಳಲಾಗದು. ಬ್ರಿಟನ್ನಿನ ಆ ದೊಡ್ಡ ಪ್ರಯೋಗದಲ್ಲಿ ಇದ್ದವರು ಹೆಚ್ಚುಕಡಮೆ ಎಲ್ಲರೂ ಬಿಳಿಯರು. ಅಮೆರಿಕದಲ್ಲಿ 1994-95ರಲ್ಲಿ ರೋಗ ಪತ್ತೆಯಾದ ಸುಮಾರು 3,500 ಜನರನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ಕಪ್ಪು ಜನರನ್ನೂ ಸ್ಪ್ಯಾನಿಷ್ ಮೂಲದವರನ್ನೂ ಬೇಕೆಂದೇ ಹೆಚ್ಚು ಸಂಖ್ಯೆಯಲ್ಲಿ ಸೇರಿಸಿದ್ದರ ಕಾರಣ ಇದೇ. ನಮ್ಮವರ ಬಾಳನ್ನು ತಿಳಿಯಬೇಕಾದರೆ ನಮ್ಮವರನ್ನೇ ಕೇಳಬೇಕು.

ಖಾರಘರದ ಪ್ರಯೋಗ

ಸಂತೋಷದ ವಿಷಯವೆಂದರೆ, ಅಂಥ ಕೆಲಸ ನಮ್ಮ ಬಾಗಿಲಲ್ಲೇ ನಡೆದಿದೆ. ಕೋಪರಖೈರಣೆಯಿಂದ ಪನ್ವೇಲ್ ಕಡೆಯ ಬಂಡಿ ಹತ್ತಿದರೆ ಖಾರಘರ್ ದೂರವೇನಲ್ಲ. ಪರೇಲಿನಲ್ಲಿ 1941ರಲ್ಲಿ ಪ್ರಾರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯ ದೊಡ್ಡ ಶಾಖೆ ಖಾರಘರದಲ್ಲಿದೆ. ಈ ಸಂಸ್ಥೆಯ ವಿಕಿರಣ ತಜ್ಞ ಡಾ. ವೇದಾಂಗ್ ಮೂರ್ತಿ ಮತ್ತು ಸಂಗಡಿಗರು 2011ರಿಂದ 2017ರವರೆಗೆ ರೋಗ ಹರಡುವ ಅಪಾಯ ಹೆಚ್ಚಿದ್ದ 224 ರೋಗಿಗಳನ್ನು ಆರಿಸಿಕೊಂಡರು. ಅರ್ಧ ಜನರಿಗೆ ಗ್ರಂಥಿಗೆ ಮಾತ್ರ ವಿಕಿರಣ. ಉಳಿದರ್ಧಕ್ಕೆ ಕಿಬ್ಬೊಟ್ಟೆಯ ಹಾಲ್ರಸ ಗ್ರಂಥಿಗಳಿಗೂ ಸೇರಿಸಿ. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ನಂತರ ರಕ್ತಪರೀಕ್ಷೆಯಲ್ಲಿ ರೋಗ ಮರುಕಳಿಸಿದ ಗುರುತಿಲ್ಲದವರು ಮೊದಲ ಗುಂಪಿನಲ್ಲಿ ನೂರಕ್ಕೆ 81, ಎರಡನೆಯದರಲ್ಲಿ 95.

ನಮಗೆ ಬೇಕಾದ ಮಾತು ಮುಂದಿನದು. ಎರಡನೆಯ ಗುಂಪಿನವರಲ್ಲಿ ವೈದ್ಯರು ಗುರುತಿಸಿದ ಮೂತ್ರದ ತೊಂದರೆ ಹೆಚ್ಚಾಗಿತ್ತು. ಆದರೆ ರೋಗಿಗಳೇ ತುಂಬಿಕೊಟ್ಟ ಪ್ರಶ್ನಾವಳಿಗಳಲ್ಲಿ ಎರಡು ಗುಂಪುಗಳ ಬಾಳಿನ ಗುಣದಲ್ಲಿ ಗಣನೀಯ ಅಂತರ ಕಾಣಲಿಲ್ಲ. ವೈದ್ಯರ ಕಣ್ಣಿಗೆ ಕಂಡದ್ದೂ ರೋಗಿ ತನ್ನ ಬಾಯಿಂದ ಹೇಳಿದ್ದೂ ಬೇರೆ ಬೇರೆಯಾಗಬಹುದೆಂಬುದಕ್ಕೆ ಇದು ನಮ್ಮ ನೆಲದ ಸಾಕ್ಷಿ. ಇಬ್ಬರನ್ನೂ ಕೇಳಿದ್ದರಿಂದಲೇ ಇದು ಗೊತ್ತಾಯಿತು.

ಯಾವ ಭಾಷೆಯಲ್ಲಿ ಹೇಳಬೇಕು?

ಇಲ್ಲಿ ಪರಸ್ಥಳಕ್ಕೆ ಬಂದ ನಮ್ಮ ಕುಟುಂಬಗಳ ವಿಶೇಷ ಕಷ್ಟ ತಲೆಯೆತ್ತುತ್ತದೆ. ಈ ಊರುಗಳಲ್ಲಿ ಹೋಟೆಲು ವೃತ್ತಿಗೆಂದು ಕರಾವಳಿಯಿಂದ ಬಂದವರಿದ್ದಾರೆ, ಕೂಲಿನಾಲಿಗೆಂದು ವಿಜಯಪುರ, ಕಲಬುರಗಿ ಕಡೆಯಿಂದ ಬಂದವರಿದ್ದಾರೆ, ನೌಕರಿಗೆಂದು ಬಂದವರಿದ್ದಾರೆ. ನಲವತ್ತು ವರ್ಷ ಇಲ್ಲಿದ್ದು ಮರಾಠಿ ಚೆನ್ನಾಗಿ ಬಲ್ಲವರು ಹಲವರು. ಆದರೆ ಹೊಲಮನೆ ನೋಡಿಕೊಂಡು ಊರಲ್ಲಿದ್ದು, ಮೈಯಲ್ಲಿ ತ್ರಾಣ ಕುಗ್ಗಿದ ಮೇಲೆ ಮಗನ ಮನೆಗೆ ಬಂದ ಹಿರಿಯರಿಗೆ ಅದು ಎಲ್ಲಿ ಬರಬೇಕು?

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. "ಬಾಬಾ, ಕಾಹೀ ತ್ರಾಸ್ ಆಹೇ ಕಾ?" ಎಂದು ವೈದ್ಯರು ಮರಾಠಿಯಲ್ಲಿ ಕೇಳುತ್ತಾರೆ. ತ್ರಾಸ್ ಎಂಬ ಮಾತು ಹಿರಿಯರಿಗೆ ತಿಳಿಯುತ್ತದೆ. ನಮ್ಮ ಕಡೆಯೂ ತ್ರಾಸು ಎನ್ನುತ್ತಾರಲ್ಲ. ಅವರು ಮಗನ ಮುಖ ನೋಡುತ್ತಾರೆ. ಪಕ್ಕದಲ್ಲಿ ಸೊಸೆಯೂ ನಿಂತಿದ್ದಾಳೆ. "ಏನಿಲ್ಲಪ್ಪಾ, ಆರಾಮದೀನಿ ಅಂತ ಹೇಳು" ಎನ್ನುತ್ತಾರೆ. ಮಗ ಅದನ್ನೇ ಹೇಳುತ್ತಾನೆ. ವೈದ್ಯರು ಬರೆದುಕೊಳ್ಳುತ್ತಾರೆ. ರಾತ್ರಿ ಮೂರು ಸಲ ಪಂಚೆ ಬದಲಾಯಿಸಿದ್ದು, ಬಸ್ಸಿನಲ್ಲಿ ಒತ್ತರ ತಡೆಯಲಾಗದೆ ನಡುವೆ ಇಳಿದದ್ದು, ಅಂದಿನಿಂದ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟದ್ದು ಯಾವ ಕಾಗದದ ಮೇಲೂ ಬರುವುದಿಲ್ಲ.

ಮೂತ್ರಕ್ಕೆ ಮರಾಠಿಯವರು ಲಘವಿ ಎನ್ನುತ್ತಾರೆ. ನಮ್ಮಲ್ಲಿ ಒಬ್ಬರು ಒಂದಕ್ಕೆ ಎನ್ನುತ್ತಾರೆ, ಇನ್ನೊಬ್ಬರು ಕಾಲ್ಮಡಿ ಎನ್ನುತ್ತಾರೆ. ಉರಿ ಬೇರೆ, ಒತ್ತರ ಬೇರೆ, ಸೋರುವುದು ಬೇರೆ, ಕಟ್ಟಿಕೊಳ್ಳುವುದು ಬೇರೆ. ಒಂದೊಂದಕ್ಕೂ ಮದ್ದು ಬೇರೆ. ಇವನ್ನೆಲ್ಲ ಸೇರಿಸಿ ತ್ರಾಸು ಎಂದರೆ ವೈದ್ಯರಾದರೂ ಏನು ಮಾಡಿಯಾರು? ಇನ್ನು ದಾಂಪತ್ಯದ ಮಾತಂತೂ ಮಗನ ಬಾಯಿಂದ ಆಡಿಸುವುದು ಯಾವ ತಂದೆಗೂ ಸಾಧ್ಯವಿಲ್ಲ. ಯೂರೋಪಿನ ಅರ್ಬುದ ಸಂಶೋಧನಾ ಸಂಸ್ಥೆ 1993ರಲ್ಲಿ ಪ್ರಕಟಿಸಿದ ಮೂವತ್ತು ಪ್ರಶ್ನೆಗಳ ಪ್ರಸಿದ್ಧ ಪ್ರಶ್ನಾವಳಿ ಇಂದು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಉಂಟು. ಆದರೆ ಅದನ್ನು ಕೇಳಿ ಪಡೆಯುವವರು ಬೇಕು, ಓದಿ ಹೇಳುವವರು ಬೇಕು.

ಹಣದ ಮಾತು

ಚಿಕಿತ್ಸೆಯ ಆಯ್ಕೆಯಲ್ಲಿ ಹಣದ ಕೈ ದೊಡ್ಡದು. ನಮ್ಮ ದೇಶದಲ್ಲಿ ಅನೇಕ ರೋಗಿಗಳು ರೋಗ ಎಲುಬಿಗೆ ಹಬ್ಬಿದ ಮೇಲೆಯೇ ಆಸ್ಪತ್ರೆಗೆ ಬರುತ್ತಾರೆ. ಆಗ ಹಾರ್ಮೋನು ತಡೆಯುವುದೇ ಮುಖ್ಯ ಚಿಕಿತ್ಸೆ. ಅದಕ್ಕೆ ದಾರಿ ಎರಡು: ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಚುಚ್ಚುಮದ್ದು, ಇಲ್ಲವೆ ಒಂದೇ ಸಲ ಚಿಕ್ಕ ಶಸ್ತ್ರಕ್ರಿಯೆಯಿಂದ ವೃಷಣಗಳನ್ನು ತೆಗೆಯುವುದು. ರೋಗ ಹತೋಟಿಗೆ ಬರುವುದು ಎರಡರಿಂದಲೂ ಒಂದೇ. ಎರಡನೆಯದು ಅಗ್ಗವಾದ್ದರಿಂದ ನಮ್ಮಲ್ಲಿ ಬಹಳ ಜನ ಅದನ್ನೇ ಒಪ್ಪುತ್ತಾರೆ. ಶ್ರೀಮಂತ ದೇಶಗಳಲ್ಲಿ ಅದು ಅಪರೂಪವಾಗಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮನಸ್ಸಿಗಾಗುವ ಗಾಯವನ್ನು ಅರಿತು, ದಂಪತಿಗಳಿಬ್ಬರನ್ನೂ ಕೂರಿಸಿ ವಿವರಿಸಿ ಒಪ್ಪಿಗೆ ಪಡೆಯುವುದಕ್ಕೂ, ಖರ್ಚಿನ ಚೀಟಿ ತೋರಿಸಿ ರುಜು ಹಾಕಿಸುವುದಕ್ಕೂ ವ್ಯತ್ಯಾಸವುಂಟು.

ಎಪ್ಪತ್ತು ವರ್ಷ ತುಂಬಿದ ಎಲ್ಲ ಹಿರಿಯರಿಗೂ, ಅವರ ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ತನಕ ಆಸ್ಪತ್ರೆ ವೆಚ್ಚ ಕೊಡುವ ಏರ್ಪಾಟು 2024ರ ಅಕ್ಟೋಬರ್ 29ರಿಂದ ಬಂದಿದೆ. ಈ ರೋಗ ಬರುವ ವಯಸ್ಸೇ ಅದಾದ್ದರಿಂದ, ಆಧಾರ್ ಚೀಟಿ ಹಿಡಿದು ಆ ಕಾರ್ಡು ಮಾಡಿಸಿಡುವುದು ಮನೆಯವರ ಕರ್ತವ್ಯ. ಊರಿಗೆ ಮರಳಲು ಬಯಸುವವರಿಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಸಂಸ್ಥೆಯುಂಟು. ಅಲ್ಲಿ ಭಾಷೆಯ ಅಡ್ಡಿಯೂ ಇರುವುದಿಲ್ಲ.

ಮನೆಯವರು ಮಾಡಬಹುದಾದದ್ದು

ಮೊದಲನೆಯದಾಗಿ, ಒಂದು ಸಣ್ಣ ಪುಸ್ತಕವಿಡಿ. ರಾತ್ರಿ ಎಷ್ಟು ಸಲ ಎದ್ದರು, ಎಷ್ಟು ಸಲ ಸೋರಿತು, ಯಾವಾಗ ಝಳ ಬಂತು, ನಿದ್ದೆ ಎಷ್ಟು, ಇದನ್ನು ಹಿರಿಯರು ತಾವೇ ಕನ್ನಡದಲ್ಲಿ ಬರೆಯಲಿ. ಬಾಯಲ್ಲಿ ಹೇಳಲಾಗದ್ದನ್ನು ಕೈ ಬರೆಯುತ್ತದೆ. ವೈದ್ಯರಿಗೆ ಓದಿ ಹೇಳುವುದು ಸುಲಭ.

ಎರಡನೆಯದಾಗಿ, ಭಾಷಾಂತರಕ್ಕೆ ಸಾಧ್ಯವಾದರೆ ಮಗನ ಬದಲು ಅದೇ ವಯಸ್ಸಿನ ಗೆಳೆಯನನ್ನು ಕರೆದುಕೊಂಡು ಹೋಗಿ. ಮಗನೇ ಹೋದರೂ ಐದು ನಿಮಿಷ ಹೊರಗೆ ನಿಂತು, ತಂದೆಯವರು ವೈದ್ಯರೊಡನೆ ಒಬ್ಬರೇ ಇರಲು ಬಿಡಿ. ಅರ್ಧಂಬರ್ಧ ಹಿಂದಿಯಲ್ಲಾದರೂ ಅವರು ಹೇಳಬೇಕಾದದ್ದನ್ನು ಹೇಳುತ್ತಾರೆ. ಅಮ್ಮನವರನ್ನೂ ಒಮ್ಮೆ ಕರೆದೊಯ್ಯಿರಿ. ರಾತ್ರಿಯ ಸಂಗತಿ ಬಲ್ಲವರು ಅವರೇ.

ಮೂರನೆಯದಾಗಿ, ಇವುಗಳಲ್ಲಿ ಹಲವಕ್ಕೆ ಉಪಾಯಗಳುಂಟು. ಮೂತ್ರವನ್ನು ತಡೆಹಿಡಿಯುವ ಕೆಳಹೊಟ್ಟೆಯ ಸ್ನಾಯುಗಳನ್ನು ಬಿಗಿದು ಸಡಿಲಿಸುವ ವ್ಯಾಯಾಮವನ್ನು ಅಮೆರಿಕದ ಡಾ. ಆರ್ನಾಲ್ಡ್ ಕೀಗೆಲ್ 1948ರಲ್ಲಿ ಹೆರಿಗೆಯಾದ ಹೆಂಗಸರಿಗೆಂದು ಪ್ರಕಟಿಸಿದರು. ಇಂದು ಶಸ್ತ್ರಕ್ರಿಯೆಯಾದ ಗಂಡಸರಿಗೂ ಕಲಿಸುತ್ತಾರೆ. ಕುಳಿತಲ್ಲೇ, ಯಾರಿಗೂ ತಿಳಿಯದಂತೆ ಮಾಡಬಹುದು. ಸಂಜೆಯ ಮೇಲೆ ಚಹಾ ಕಾಫಿ ಕಡಿಮೆ ಮಾಡುವುದು, ಹಾರ್ಮೋನು ಚಿಕಿತ್ಸೆಯಲ್ಲಿರುವವರು ದಿನವೂ ನಡೆಯುವುದು, ಎಲುಬಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು. ದಾಂಪತ್ಯ ಶಕ್ತಿಗೂ ಔಷಧಗಳುಂಟು. ಕೇಳಲು ವಯಸ್ಸಿನ ನಾಚಿಕೆ ಬೇಡ. ಮುಂಬಯಿಯ ಲೋಕಲ್ ಬಂಡಿಗಳಲ್ಲಿ ಶೌಚಾಲಯವಿಲ್ಲ. ಕೋಪರಖೈರಣೆಯಿಂದ ಪರೇಲಿಗೆ ಹೋಗುವಾಗ ನಡುವೆ ಇಳಿಯಬೇಕಾದೀತೆಂದು ಅರ್ಧ ಗಂಟೆ ಮೊದಲೇ ಹೊರಡುವುದು, ಒಂದು ಜೊತೆ ಬಟ್ಟೆ ಚೀಲದಲ್ಲಿಡುವುದು ಸಣ್ಣ ಮಾತೆನಿಸಬಹುದು. ಆದರೆ ಅಷ್ಟರಿಂದಲೇ ಒಬ್ಬ ಹಿರಿಯರು ಮತ್ತೆ ಧೈರ್ಯವಾಗಿ ಹೊರಗೆ ಕಾಲಿಟ್ಟಾರು.

ಮೂತ್ರದಲ್ಲಿ ರಕ್ತ ಕಂಡರೆ, ಸೊಂಟದ ಎಲುಬಿನಲ್ಲಿ ಬಿಡದ ನೋವಿದ್ದರೆ, ಮುಪ್ಪಿನ ಲಕ್ಷಣವೆಂದು ಕೂರಬೇಡಿ. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಅಂಕಿ ಅರ್ಬುದವಿಲ್ಲದೆಯೂ ಏರಬಹುದಾದ್ದರಿಂದ, ಅದನ್ನು ಕಂಡೊಡನೆ ಗಾಬರಿಯೂ ಬೇಡ. ಚಿಕಿತ್ಸೆ ಮುಗಿದವರು ಮಾತ್ರ ಹೇಳಿದ ದಿನಕ್ಕೆ ತಪ್ಪದೆ ಆ ಪರೀಕ್ಷೆ ಮಾಡಿಸಬೇಕು.

ಕೊನೆಯದಾಗಿ ಸಂಘದ ಕಾರ್ಯಕರ್ತರಲ್ಲೊಂದು ವಿನಂತಿ. ನಾಡಹಬ್ಬ, ನಾಟಕ, ಮಕ್ಕಳ ಸ್ಪರ್ಧೆಗಳಿಗೆ ನಮ್ಮಲ್ಲಿ ಸ್ವಯಂಸೇವಕರಿಗೆ ಕೊರತೆಯಿಲ್ಲ. ಕನ್ನಡ, ಮರಾಠಿ ಎರಡನ್ನೂ ಬಲ್ಲ, ನಿವೃತ್ತರಾದ ನಾಲ್ಕು ಮಂದಿ ಗಂಡಸರ, ನಾಲ್ಕು ಮಂದಿ ಹೆಂಗಸರ ಹೆಸರುಗಳ ಪಟ್ಟಿಯೊಂದನ್ನು ಸಂಘದ ಕಚೇರಿಯಲ್ಲಿಟ್ಟರೆ, ಆಸ್ಪತ್ರೆಗೆ ಹೋಗುವ ದಿನ ಯಾರಿಗಾದರೂ ಜೊತೆಯಾಗಬಹುದು. ಹಿರಿಯರು ತಮ್ಮ ನೋವನ್ನು ತಮ್ಮ ಮಾತಿನಲ್ಲಿ ಹೇಳಿದರೆ, ಅದನ್ನು ಕೂಡದೆ ಕಳೆಯದೆ ವೈದ್ಯರಿಗೆ ತಲುಪಿಸುವಷ್ಟೇ ಅವರ ಕೆಲಸ. ಇದಕ್ಕೆ ಹಣ ಬೇಡ, ಸಭಾಂಗಣ ಬೇಡ. ತಿಂಗಳಲ್ಲಿ ಎರಡು ಬೆಳಗು ಬಿಡುವು ಮಾಡಿಕೊಳ್ಳುವವರಿದ್ದರೆ ಸಾಕು.